‘ಬೇಡ’ ಎನ್ನುವವರ ಅರ್ಹತೆ: ಅಣುಸ್ಥಾವರದ ಒಂದು ಹುದ್ದೆಯ ಕತೆ

2009ರ ನವೆಂಬರ್ ಕೊನೆಯ ವಾರ ಉತ್ತರ ಕನ್ನಡದ ಕೈಗಾ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅಲ್ಲಿನ ಅಣುವಿದ್ಯುತ್ ಸ್ಥಾವರದೊಳಗೆ ಕೆಲಸಗಾರರು ನೀರು ಕುಡಿಯುವ ಕೂಲರ್ ಒಂದಕ್ಕೆ ಟ್ರಿಟಿಯಂ ಇರುವ ಭಾರಜಲ ಸೇರಿತ್ತು. ಆ ನೀರು ಕುಡಿದ 50ಕ್ಕೂ ಹೆಚ್ಚು ಜನರ ಮೈಯೊಳಗೆ ವಿಕಿರಣ ಹೊಮ್ಮಿಸುವ ವಸ್ತು ಹೋಗಿತ್ತು. ಇಬ್ಬರ ಡೋಸ್ ನಮ್ಮ ದೇಶದ ವಾರ್ಷಿಕ ಮಿತಿಯಾದ 30 ಮಿಲಿಸೀವರ್ಟ್ ದಾಟಿತ್ತು. ಯಾರೋ ಒಳಗಿನವರೇ ಬೇಕೆಂದು ಮಾಡಿದ ಕೆಲಸ ಇದು ಎಂದು ಅಧಿಕಾರಿಗಳು ಹೇಳಿದರು. ಮುಂದಿನ ಸುದ್ದಿಯೆಲ್ಲ ‘ಮಾಡಿದವರು ಯಾರು’ ಎಂಬುದರ ಸುತ್ತಲೇ ಸುತ್ತಿತು.

ಆ ಸುದ್ದಿಯೊಳಗೆ ಇನ್ನೊಂದು ಸಂಗತಿ ಇತ್ತು. ಇದು ಗೊತ್ತಾದದ್ದು ಹೇಗೆ? ಯಾರಿಗೂ ಹೊಟ್ಟೆನೋವು ಬರಲಿಲ್ಲ, ಯಾರೂ ತಲೆತಿರುಗಿ ಬೀಳಲಿಲ್ಲ. ಟ್ರಿಟಿಯಂಗೆ ರುಚಿಯಿಲ್ಲ, ವಾಸನೆಯಿಲ್ಲ. ಅದರಿಂದ ಹೊರಡುವ ಬೀಟಾ ಕಣ ಎಷ್ಟು ದುರ್ಬಲವೆಂದರೆ ಚರ್ಮದ ಮೇಲ್ಪದರವನ್ನೇ ದಾಟಲಾರದು. ಹಾಗಾಗಿ ಕೆಲಸಗಾರರು ಎದೆಗೆ ಸಿಕ್ಕಿಸಿಕೊಳ್ಳುವ ಡೋಸ್ ಬ್ಯಾಡ್ಜಿನಲ್ಲೂ ಅದು ದಾಖಲಾಗದು. ಕುಡಿದರೆ ಅಥವಾ ಉಸಿರಿನಲ್ಲಿ ಎಳೆದುಕೊಂಡರೆ ಅದು ದೇಹದ ನೀರಿನ ಜೊತೆ ಬೆರೆತು ಒಳಗಿನಿಂದ ಕೆಲಸ ಮಾಡುತ್ತದೆ. ಪತ್ತೆಗೆ ಇರುವ ದಾರಿ ಮೂತ್ರ ಪರೀಕ್ಷೆ. ಕೈಗಾದಲ್ಲೂ ವಿಷಯ ಬೆಳಕಿಗೆ ಬಂದದ್ದು ನಿತ್ಯದ ಕ್ರಮದಂತೆ ಕೊಟ್ಟ ಮೂತ್ರದ ಮಾದರಿಗಳಿಂದಲೇ. ಲೆಕ್ಕ ಎಂದಿನಂತಿಲ್ಲ ಎಂದು ಯಾರೋ ಗಮನಿಸಿದರು, ಯಾವ ನೀರು ಎಂದು ಹುಡುಕಿದರು, ಕೂಲರ್ ಮುಚ್ಚಿಸಿದರು.

ಭಾರಜಲ ಬಳಸುವ ಸ್ಥಾವರದಲ್ಲಿ ಬ್ಯಾಡ್ಜನ್ನು ಮಾತ್ರ ನಂಬಿ ಕೂರಬಾರದು, ಮೂತ್ರ ಪರೀಕ್ಷೆ ತಪ್ಪದೆ ನಡೆಯಬೇಕು ಎಂಬುದು ಮೊದಲೇ ಗೊತ್ತಿದ್ದವರು ಇದ್ದುದರಿಂದ ಇದು ಸಾಧ್ಯವಾಯಿತು. ಆ ಕೆಲಸ ನೋಡಿಕೊಳ್ಳುವವರು ಯಾರು? ಏನು ಓದಿರಬೇಕು, ಎಷ್ಟು ವರ್ಷ ದುಡಿದಿರಬೇಕು, ಯಾರಿಗೆ ಉತ್ತರ ಕೊಡಬೇಕು? ಈ ಪ್ರಶ್ನೆಗಳಿಗೆ ಸಾಲುಸಾಲಾಗಿ ಉತ್ತರ ಬರೆದಿಡುವ ಪ್ರಯತ್ನ ಅಮೆರಿಕದಲ್ಲಿ ನಡೆದ ರೀತಿ ನಾವು ತಿಳಿದುಕೊಳ್ಳಬೇಕಾದದ್ದು. ಅಲ್ಲಿ ಆ ಹುದ್ದೆಗೆ ‘ರೇಡಿಯೇಷನ್ ಪ್ರೊಟೆಕ್ಷನ್ ಮ್ಯಾನೇಜರ್’ ಎಂದು ಹೆಸರು. ನಾವು ವಿಕಿರಣ ರಕ್ಷಣಾ ವ್ಯವಸ್ಥಾಪಕ ಎನ್ನೋಣ.

ಕಾಯುವವರೇ ಇಲ್ಲದ ಕಾಲ

ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಒಂಬತ್ತು ವರ್ಷ ಕಳೆಯುವುದರೊಳಗೆ, 1904ರಲ್ಲಿ, ಥಾಮಸ್ ಎಡಿಸನ್ನರ ಪ್ರಯೋಗಶಾಲೆಯಲ್ಲಿ ಎಕ್ಸ್‌ರೇ ಕೊಳವೆಗಳ ಮೇಲೆ ಕೆಲಸ ಮಾಡುತ್ತಿದ್ದ ಕ್ಲಾರೆನ್ಸ್ ಡ್ಯಾಲಿ ತೀರಿಕೊಂಡರು. ಅದಕ್ಕೂ ಮೊದಲೇ ಅವರ ಕೈಗಳನ್ನು ಕತ್ತರಿಸಬೇಕಾಗಿತ್ತು. 1920ರ ದಶಕದಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಬ್ರಷ್ಷಿನ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡಿಕೊಳ್ಳುತ್ತಿದ್ದರು. ಅವರ ದವಡೆ ಕೊಳೆಯಿತು, ಮೂಳೆ ಟೊಳ್ಳಾಯಿತು. ಕೆಲವರು ಕೋರ್ಟಿಗೆ ಹೋದರು. ಈ ಸಾವುಗಳೇ ವಿಕಿರಣಕ್ಕೊಂದು ಮಿತಿ ಬೇಕು ಎಂದು ಕಲಿಸಿದವು. 1928ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವೈದ್ಯರು ಮತ್ತು ಭೌತವಿಜ್ಞಾನಿಗಳು ಸೇರಿ ಅಂತರರಾಷ್ಟ್ರೀಯ ಸಮಿತಿಯೊಂದನ್ನು ಕಟ್ಟಿದರು. 1934ರ ಹೊತ್ತಿಗೆ ಆ ಸಮಿತಿ ದಿನಕ್ಕೆ ಇಷ್ಟೇ ಎಂದು ಒಂದು ಅಂಕಿ ಹೇಳಿತು.

ಅಂಕಿ ಬಂತು. ಆದರೆ ಅದನ್ನು ಕೆಲಸದ ಜಾಗದಲ್ಲಿ ನಿಂತು ಅಳೆಯುವ, ದಾಟಿದರೆ ತಡೆಯುವ ಮನುಷ್ಯ ಇನ್ನೂ ಬಂದಿರಲಿಲ್ಲ.

ಆ ಮನುಷ್ಯ ಬಂದದ್ದು 1942ರಲ್ಲಿ, ಷಿಕಾಗೊ ವಿಶ್ವವಿದ್ಯಾಲಯದಲ್ಲಿ. ಯುದ್ಧಕಾಲದ ಗುಟ್ಟಿನ ಯೋಜನೆಯಲ್ಲಿ ಮೊದಲ ರಿಯಾಕ್ಟರ್ ಕಟ್ಟುತ್ತಿದ್ದಾಗ, ಅಲ್ಲಿಯವರೆಗೆ ಜಗತ್ತಿನಲ್ಲಿದ್ದ ಒಟ್ಟು ರೇಡಿಯಂಗಿಂತ ಎಷ್ಟೋ ಪಟ್ಟು ಹೆಚ್ಚು ವಿಕಿರಣದ ನಡುವೆ ಜನ ದುಡಿಯಬೇಕಾಗುತ್ತದೆ ಎಂದು ವಿಜ್ಞಾನಿಗಳಿಗೆ ಗೊತ್ತಾಯಿತು. ಕಾಸ್ಮಿಕ್ ಕಿರಣಗಳ ಅಧ್ಯಯನ ಮಾಡುತ್ತಿದ್ದ ಅರ್ನೆಸ್ಟ್ ವೊಲ್ಲನ್ ಅವರನ್ನು ಈ ಕೆಲಸಕ್ಕೆ ಕರೆದರು. ಕೆಲಸದ ಹೆಸರು ‘ಹೆಲ್ತ್ ಫಿಸಿಕ್ಸ್’. ವಿಕಿರಣ ಎಂಬ ಪದ ಬಾಯಿಗೆ ಬಂದರೆ ಗುಟ್ಟು ರಟ್ಟಾಗುತ್ತದೆ ಎಂಬುದೂ ಆ ಹೆಸರಿಗೆ ಒಂದು ಕಾರಣ ಎನ್ನುತ್ತಾರೆ. ಅದೇ ಗುಂಪಿನಿಂದ ಕಾರ್ಲ್ ಮಾರ್ಗನ್ ಓಕ್ ರಿಡ್ಜ್‌ಗೆ ಹೋದರು. ಆಸ್ಪತ್ರೆಯ ಭೌತವಿಜ್ಞಾನಿಯಾಗಿದ್ದ ಹರ್ಬರ್ಟ್ ಪಾರ್ಕರ್ ಪ್ಲುಟೋನಿಯಂ ತಯಾರಾಗುತ್ತಿದ್ದ ಹ್ಯಾನ್‌ಫೋರ್ಡ್‌ಗೆ ಹೋದರು. ದೇಹಕ್ಕೆ ತಗಲುವ ಹಾನಿಯ ಲೆಕ್ಕಕ್ಕೆ ಮುಂದೆ ದಶಕಗಟ್ಟಲೆ ಬಳಕೆಯಾದ ‘ರೆಮ್’ ಎಂಬ ಅಳತೆ ಪಾರ್ಕರ್ ಕೊಟ್ಟದ್ದು.

ಇವರಲ್ಲಿ ಯಾರ ಬಳಿಯೂ ಆ ವಿದ್ಯೆಯ ಪದವಿ ಇರಲಿಲ್ಲ, ಏಕೆಂದರೆ ಆ ವಿದ್ಯೆಯೇ ಇರಲಿಲ್ಲ. ಮಾಡುತ್ತ ಮಾಡುತ್ತ ಕಲಿತರು, ಪಕ್ಕದಲ್ಲಿದ್ದವರಿಗೆ ಕಲಿಸಿದರು. ಯುದ್ಧ ಮುಗಿದ ಮೇಲೆ ಅಣುಶಕ್ತಿ ಆಯೋಗ ವಿದ್ಯಾರ್ಥಿವೇತನ ಕೊಟ್ಟು ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದನ್ನು ಕಲಿಸಲು ಶುರುಮಾಡಿತು. 1956ರಲ್ಲಿ ಹೆಲ್ತ್ ಫಿಸಿಕ್ಸ್ ಸೊಸೈಟಿ ಹುಟ್ಟಿತು, ಮಾರ್ಗನ್ ಅದರ ಮೊದಲ ಅಧ್ಯಕ್ಷರಾದರು. ಕೆಲವೇ ವರ್ಷಗಳಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಮಂಡಳಿಯೂ ಬಂತು.

ವಿದ್ಯುತ್ ಮಾರುವವರ ಕೈಗೆ

1954ರ ಕಾನೂನು ಅಣುಶಕ್ತಿಯನ್ನು ಖಾಸಗಿ ವಿದ್ಯುತ್ ಕಂಪನಿಗಳಿಗೆ ತೆರೆಯಿತು. ಇಲ್ಲಿಂದ ಪರಿಸ್ಥಿತಿ ಬದಲಾಯಿತು. ಪ್ರಯೋಗಶಾಲೆಯಲ್ಲಿ ಕೆಲಸ ಒಂದು ದಿನ ನಿಂತರೆ ಪ್ರಯೋಗ ಒಂದು ದಿನ ತಡವಾಗುತ್ತದೆ, ಅಷ್ಟೆ. ವಿದ್ಯುತ್ ಸ್ಥಾವರ ಒಂದು ದಿನ ನಿಂತರೆ ಕಂಪನಿಗೆ ನೇರ ನಷ್ಟ. ಅಂಥ ಕಡೆ ‘ಈ ಕೋಣೆಗೆ ಈಗ ಹೋಗಬೇಡಿ, ಕೆಲಸ ನಾಳೆಗಿಡಿ’ ಎನ್ನುವವರು ಎಲ್ಲರಿಗೂ ಅಡ್ಡಿಯಾಗಿಯೇ ಕಾಣುತ್ತಾರೆ.

ರಿಯಾಕ್ಟರುಗಳು ಹಳತಾದಂತೆ ಒತ್ತಡ ಹೆಚ್ಚಾಯಿತು. ಓಡುವ ಯಂತ್ರಕ್ಕಿಂತ ನಿಂತ ಯಂತ್ರದಲ್ಲಿ ಡೋಸ್ ಹೆಚ್ಚು ಎಂಬುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಓಡುವಾಗ ಒಳಗೆ ಯಾರೂ ಹೋಗುವುದಿಲ್ಲ. ರಿಪೇರಿಗೆಂದು ನಿಲ್ಲಿಸಿದಾಗಲೇ ಫಿಟ್ಟರುಗಳು, ವೆಲ್ಡರುಗಳು, ತೊಳೆಯುವವರು ಒಳಗೆ ಇಳಿಯುತ್ತಾರೆ. 1970ರ ಆಸುಪಾಸಿನಲ್ಲಿ ನ್ಯೂಯಾರ್ಕ್ ಹತ್ತಿರದ ಇಂಡಿಯನ್ ಪಾಯಿಂಟ್ ಸ್ಥಾವರದ ಮೊದಲ ಘಟಕದಲ್ಲಿ ಪೈಪುಗಳ ಬಿರುಕು ಸರಿಮಾಡಲು ನೂರಾರು ವೆಲ್ಡರುಗಳನ್ನು ಸರದಿಯ ಮೇಲೆ ಒಳಗೆ ಕಳಿಸಬೇಕಾಯಿತು. ಒಬ್ಬೊಬ್ಬರು ಕೆಲವೇ ನಿಮಿಷ ದುಡಿಯುವಷ್ಟರಲ್ಲಿ ಅವರ ಪಾಲಿನ ಡೋಸ್ ಮುಗಿಯುತ್ತಿತ್ತು. ಆಗಿನ ನಿಯಮದಲ್ಲಿ ಮೂರು ತಿಂಗಳಿಗೆ 3 ರೆಮ್‌ವರೆಗೆ ಅವಕಾಶವಿತ್ತು. ಅಷ್ಟು ತುಂಬಿದವರು ಹೊರಗೆ, ಮತ್ತೊಬ್ಬರು ಒಳಗೆ. ಕಾಗದದ ಮೇಲೆ ಯಾರೂ ಮಿತಿ ದಾಟಿಲ್ಲ. ಆದರೆ ಎಲ್ಲರ ಡೋಸ್ ಕೂಡಿಸಿದರೆ ದೊಡ್ಡ ಮೊತ್ತ.

ಇಂಥ ಕೆಲಸವನ್ನು ಯೋಜಿಸುವವರಿಗೆ ಮೀಟರ್ ಹಿಡಿದು ಓದಲು ಬಂದರೆ ಸಾಲದು. ಯಾವ ಪೈಪಿನಲ್ಲಿ ಏನು ಹರಿಯುತ್ತದೆ, ಎಲ್ಲಿ ಕೊಳೆ ಕೂತಿರುತ್ತದೆ, ಸೀಸದ ತಡೆ ಎಲ್ಲಿಟ್ಟರೆ ಲಾಭ, ಕೆಲಸವನ್ನು ಮೊದಲೇ ಹೊರಗೆ ಅಭ್ಯಾಸ ಮಾಡಿಸಿದರೆ ಎಷ್ಟು ನಿಮಿಷ ಉಳಿಯುತ್ತದೆ ಎಂಬುದೆಲ್ಲ ತಿಳಿದಿರಬೇಕು.

1971 ಮತ್ತು 1975: ಎರಡು ಸಾಲುಗಳ ನಡುವೆ

ಸ್ಥಾವರದ ಸಿಬ್ಬಂದಿಗೆ ಏನು ಅರ್ಹತೆ ಇರಬೇಕು ಎಂದು ಅಮೆರಿಕದ ಉದ್ಯಮ ಮತ್ತು ವೃತ್ತಿಪರರ ಮಾನಕ 1971ರಲ್ಲಿ ಬಂತು. ಅದರ ಸಂಖ್ಯೆ ಎನ್18.1. ಅದೇ ವರ್ಷ ಅಣುಶಕ್ತಿ ಆಯೋಗ ಮಾರ್ಗಸೂಚಿಯೊಂದರ ಮೂಲಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ವಿಕಿರಣ ರಕ್ಷಣೆಯ ಹೊಣೆ ಹೊತ್ತವರಿಗೆ ಅದು ಕೇಳಿದ್ದು ರಿಯಾಕ್ಟರ್ ಇರುವ ಕಡೆ ಐದು ವರ್ಷದ ಅನುಭವ. ಆದರೆ ಆ ಐದರಲ್ಲಿ ನಾಲ್ಕು ವರ್ಷದವರೆಗೂ ಸಂಬಂಧಪಟ್ಟ ಓದು ಅಥವಾ ತರಬೇತಿಯನ್ನೇ ಲೆಕ್ಕಕ್ಕೆ ಹಿಡಿಯಬಹುದಿತ್ತು. ಅಂದರೆ ಸ್ಥಾವರದೊಳಗೆ ಒಂದೇ ವರ್ಷ ಕಳೆದವರೂ ಈ ಕುರ್ಚಿಯಲ್ಲಿ ಕೂರಲು ದಾರಿಯಿತ್ತು.

1975ರ ಜನವರಿಯಲ್ಲಿ ಅಣುಶಕ್ತಿ ಆಯೋಗವನ್ನು ಒಡೆದರು. ಅಣುಶಕ್ತಿಯನ್ನು ಬೆಳೆಸುವ ಕೆಲಸವೂ ಅದರ ಮೇಲೆ ಕಣ್ಣಿಡುವ ಕೆಲಸವೂ ಒಂದೇ ಕೈಯಲ್ಲಿರುವುದು ಸರಿಯಲ್ಲ ಎಂಬ ಟೀಕೆ ಅದಕ್ಕೆ ಕಾರಣ. ಕಣ್ಣಿಡುವ ಕೆಲಸ ಹೊಸದಾದ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್ನಿಗೆ ಬಂತು. ಅದೇ ಸೆಪ್ಟೆಂಬರಿನಲ್ಲಿ ‘ರೆಗ್ಯುಲೇಟರಿ ಗೈಡ್ 1.8’ ಎಂಬ ಮಾರ್ಗಸೂಚಿಯನ್ನು ತಿದ್ದಿದರು. ಉಳಿದ ಹುದ್ದೆಗಳಿಗೆ 1971ರ ಮಾನಕ ಸಾಕು, ಆದರೆ ವಿಕಿರಣ ರಕ್ಷಣಾ ವ್ಯವಸ್ಥಾಪಕರಿಗೆ ಸಾಲದು ಎಂದಿತು ಹೊಸ ಮಾರ್ಗಸೂಚಿ. ಅದು ಕೇಳಿದ್ದು ಇಷ್ಟು.

ಒಂದು, ವಿಜ್ಞಾನ ಅಥವಾ ಎಂಜಿನಿಯರಿಂಗ್‌ನಲ್ಲಿ ಪದವಿ ಅಥವಾ ಅದಕ್ಕೆ ಸಮನಾದದ್ದು. ಜೊತೆಗೆ ವಿಕಿರಣ ರಕ್ಷಣೆಯಲ್ಲಿ ಒಂದಿಷ್ಟು ಕ್ರಮಬದ್ಧ ತರಬೇತಿ.

ಎರಡು, ವಿಕಿರಣ ರಕ್ಷಣೆಯನ್ನು ಕೆಲಸದ ಜಾಗದಲ್ಲಿ ಜಾರಿಗೆ ತರುವ ವೃತ್ತಿಯಲ್ಲಿ ಕನಿಷ್ಠ ಐದು ವರ್ಷ. ಸ್ನಾತಕೋತ್ತರ ಪದವಿ ಇದ್ದರೆ ಒಂದು ವರ್ಷ, ಡಾಕ್ಟರೇಟ್ ಇದ್ದರೆ ಎರಡು ವರ್ಷ ವಿನಾಯಿತಿ.

ಮೂರು, ಆ ಐದರಲ್ಲಿ ಕನಿಷ್ಠ ಮೂರು ವರ್ಷ ವಿದ್ಯುತ್ ಸ್ಥಾವರದಂಥದೇ ವಿಕಿರಣ ಸಮಸ್ಯೆಗಳಿರುವ ಅಣು ಘಟಕದಲ್ಲಿ ದುಡಿದಿರಬೇಕು.

ಇದನ್ನು ನಿಧಾನವಾಗಿ ಓದಿದರೆ ಹಿಂದಿನ ಜಗಳಗಳು ಕಾಣುತ್ತವೆ. ಪದವಿ ಕೇಳಿದ್ದು, ಹೊಸ ಸಮಸ್ಯೆ ಬಂದಾಗ ಮೂಲದಿಂದ ಲೆಕ್ಕ ಹಾಕಲು ಬರಬೇಕು ಎಂದು. ಆದರೆ ಎಷ್ಟೇ ಓದಿದರೂ ವಿನಾಯಿತಿ ಎರಡು ವರ್ಷಕ್ಕೆ ನಿಲ್ಲುತ್ತದೆ. ಡಾಕ್ಟರೇಟ್ ಪಡೆದವರೂ ಮೂರು ವರ್ಷ ಸ್ಥಾವರದ ನೆಲದ ಮೇಲೆ ನಿಂತಿರಲೇಬೇಕು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಎಷ್ಟೇ ವರ್ಷ ಕಳೆದಿದ್ದರೂ ಆ ಮೂರಕ್ಕೆ ಅದು ಸೇರದು. ಇನ್ನೊಂದು ಕಡೆ, ‘ಅದಕ್ಕೆ ಸಮನಾದದ್ದು’ ಎಂಬ ಮಾತು ಕಾಲೇಜು ಮೆಟ್ಟಿಲು ಹತ್ತದೆ ಕೆಳಗಿನಿಂದ ಬೆಳೆದವರಿಗೆ ಬಾಗಿಲು ತೆರೆದಿಟ್ಟಿತು. ನೌಕಾಪಡೆಯ ಅಣು ಸಬ್‌ಮರೀನುಗಳಲ್ಲಿ ಪಳಗಿ ವಿದ್ಯುತ್ ಸ್ಥಾವರಗಳಿಗೆ ಬಂದ ತಂತ್ರಜ್ಞರು ಬಹಳ ಮಂದಿ ಇದ್ದರು. ಆದರೆ ಸಮನಾದದ್ದು ಎಂದರೆ ಏನು, ಮೀಟರ್ ಹಿಡಿದು ತಿರುಗಿದ ವರ್ಷಗಳು ವೃತ್ತಿಪರ ಅನುಭವ ಆಗುತ್ತವೆಯೇ ಎಂಬ ವಾದಕ್ಕೂ ಅದೇ ಮಾತು ಎಡೆಮಾಡಿತು.

ಮಾರ್ಗಸೂಚಿ ಎಂದರೆ ಕಾನೂನಲ್ಲ. ಅದಕ್ಕೆ ಹಲ್ಲು ಬಂದದ್ದು ಬೇರೆ ದಾರಿಯಲ್ಲಿ. ಸ್ಥಾವರದ ಪರವಾನಗಿಗೆ ಜೋಡಿಸುವ ತಾಂತ್ರಿಕ ಷರತ್ತುಗಳಲ್ಲಿ ಒಂದು ವಾಕ್ಯ ಸೇರಿತು: ಸಿಬ್ಬಂದಿಯೆಲ್ಲ 1971ರ ಮಾನಕಕ್ಕೆ ತಕ್ಕಂತಿರಬೇಕು, ವಿಕಿರಣ ರಕ್ಷಣಾ ವ್ಯವಸ್ಥಾಪಕರು ಮಾತ್ರ 1975ರ ಸೆಪ್ಟೆಂಬರಿನ ಮಾರ್ಗಸೂಚಿಗೆ ತಕ್ಕಂತಿರಬೇಕು. ಷರತ್ತಿನಲ್ಲಿ ಬರೆದ ಮೇಲೆ ಮುರಿದರೆ ಉಲ್ಲಂಘನೆ. ಅರ್ಹತೆ ಇಲ್ಲದವರನ್ನು ಆ ಕುರ್ಚಿಯಲ್ಲಿ ಕೂರಿಸುವುದು ಕಂಪನಿಯ ಒಳಗಿನ ವಿಷಯವಾಗಿ ಉಳಿಯಲಿಲ್ಲ.

ಇನ್ನೊಂದು ಮಾರ್ಗಸೂಚಿ, ಸಂಖ್ಯೆ 8.8, ಇದರ ಜೊತೆಗೆ ಓದಬೇಕಾದದ್ದು. ಆಗುವಷ್ಟು ಮಟ್ಟಿಗೆ ಡೋಸ್ ತಗ್ಗಿಸುವುದು ಹೇಗೆ ಎಂಬುದು ಅದರ ವಿಷಯ. ಈ ವ್ಯವಸ್ಥಾಪಕರು ಯಂತ್ರ ಓಡಿಸುವ ವಿಭಾಗಕ್ಕಾಗಲಿ ರಿಪೇರಿ ವಿಭಾಗಕ್ಕಾಗಲಿ ಅಧೀನರಾಗಿರದಿದ್ದರೆ ತಮ್ಮ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು, ತಕರಾರು ಬಂದರೆ ನೇರವಾಗಿ ಮೇಲಿನವರ ಬಳಿಗೆ ಹೋಗಲು ಅವರಿಗೆ ದಾರಿ ಇರಬೇಕು ಎಂಬುದು ಅದರ ಸಾರ. ಕುರ್ಚಿ ಎಲ್ಲಿ ಹಾಕಿದ್ದೀರಿ ಎಂಬುದೂ ಅರ್ಹತೆಯ ಭಾಗವೇ ಎಂದು ಹೇಳಿದಂತಾಯಿತು.

ಬೆಳಗಿನ ಜಾವ ನಾಲ್ಕು ಗಂಟೆ

1979ರ ಮಾರ್ಚ್ 28ರ ಬೆಳಗಿನ ಜಾವ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಸ್ಥಾವರದ ಎರಡನೇ ಘಟಕದಲ್ಲಿ ಇಂಧನಕ್ಕೆ ತಂಪು ಸಾಲದೆ ಅದರ ಒಂದು ದೊಡ್ಡ ಭಾಗ ಕರಗಿತು. ಆ ಹೊತ್ತಿಗೆ ಮೇಲಿನ ಮಾರ್ಗಸೂಚಿಗಳೆಲ್ಲ ಇದ್ದವು.

ಅಧ್ಯಕ್ಷ ಕಾರ್ಟರ್ ನೇಮಿಸಿದ, ಜಾನ್ ಕೆಮೆನಿ ನೇತೃತ್ವದ ಆಯೋಗ ಅದೇ ವರ್ಷ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ಕವಾಟ, ಪಂಪುಗಳ ಕತೆ ಎಲ್ಲರೂ ಓದಿದರು. ವಿಕಿರಣ ರಕ್ಷಣೆಯ ಬಗ್ಗೆ ಅದು ಕಂಡದ್ದೂ ಅಷ್ಟೇ ಗಂಭೀರ. ತುರ್ತು ಹೊತ್ತಿನಲ್ಲಿ ವಿಕಿರಣ ರಕ್ಷಣೆಯವರು ಕೂತು ಕೆಲಸ ಮಾಡಬೇಕಿದ್ದ ಜಾಗ ಮತ್ತು ಮಾದರಿ ಪರೀಕ್ಷಿಸುವ ಪ್ರಯೋಗಶಾಲೆ ಎರಡೂ ಮೊದಲ ಕೆಲವು ಗಂಟೆಗಳಲ್ಲೇ ಕಾಲಿಡಲಾಗದಂತಾದವು. ಉಸಿರಾಟದ ಮುಖವಾಡಗಳು ಸಾಲಲಿಲ್ಲ. ಅವುಗಳಿಗೆ ತುಂಬಲು ಶುದ್ಧ ಗಾಳಿಯೂ ಸಾಲಲಿಲ್ಲ. ಮೂವರು ಕೆಲಸಗಾರರಿಗೆ 3ರಿಂದ 4 ರೆಮ್ ಡೋಸ್ ತಗಲಿ ಮೂರು ತಿಂಗಳ ಮಿತಿ ದಾಟಿತು. ಈ ಡೋಸ್ ಜೀವ ತೆಗೆಯುವಂಥದ್ದಲ್ಲ. ಆದರೆ ಇಂಧನ ಹಾಳಾದ ರಿಯಾಕ್ಟರಿನ ನೀರಿನ ಮಾದರಿ ತೆಗೆಯುವಂಥ ಕೆಲಸಗಳಿಗೆ ಜನರನ್ನು ಕಳಿಸುವ ಮುನ್ನ ಕೂತು ಯೋಚಿಸಿ ಸಿದ್ಧತೆ ಮಾಡುವ ವ್ಯವಸ್ಥೆ ಎಷ್ಟು ಬಡಕಲಾಗಿತ್ತು ಎಂಬುದನ್ನು ಅದು ತೋರಿಸಿತು.

ಆ ಸ್ಥಾವರದಲ್ಲಿ ವಿಕಿರಣ ರಕ್ಷಣೆ ಮತ್ತು ರಸಾಯನ ಪರೀಕ್ಷೆ ಎರಡೂ ಒಂದೇ ವಿಭಾಗ. ಒಬ್ಬರೇ ತಂತ್ರಜ್ಞ ಎರಡೂ ಕೆಲಸ ಮಾಡಬೇಕು. ಸಾಧಾರಣ ದಿನಗಳಲ್ಲಿ ಇದು ಮಿತವ್ಯಯ. ಆ ದಿನ, ಮಾದರಿ ತರಬೇಕಾದವರೂ ‘ಹೋಗಬೇಡಿ’ ಎಂದು ತಡೆಯಬೇಕಾದವರೂ ಒಂದೇ ಗುಂಪಿನವರಾದರು.

ಈ ಅಪಘಾತದ ನಂತರ ಕಮಿಷನ್ ದೇಶದ ಓಡುವ ಸ್ಥಾವರಗಳ ವಿಕಿರಣ ರಕ್ಷಣಾ ವ್ಯವಸ್ಥೆಯನ್ನು 1980ರಿಂದ ಒಂದೊಂದಾಗಿ ಪರಿಶೀಲಿಸಿತು. ವ್ಯವಸ್ಥಾಪಕರ ಪ್ರಮಾಣಪತ್ರ ನೋಡಿ ಸುಮ್ಮನಾಗದೆ, ಅವರ ಕೈಕೆಳಗೆ ಎಷ್ಟು ಜನ, ಅವರಿಗೆ ಏನು ತರಬೇತಿ, ಉಪಕರಣ ಕೆಲಸ ಮಾಡುತ್ತವೆಯೇ, ಆಡಳಿತ ಅವರ ಮಾತು ಕೇಳುತ್ತದೆಯೇ ಎಂದು ನೋಡುವ ಪರಿಶೀಲನೆ ಅದು. ವ್ಯವಸ್ಥಾಪಕರು ರಜೆಯಲ್ಲಿದ್ದಾಗ ಆ ಜಾಗದಲ್ಲಿ ಕೂರುವವರಿಗೆ ಏನು ಅರ್ಹತೆ ಎಂದೂ ಕೇಳತೊಡಗಿದರು. ರಿಯಾಕ್ಟರಿನಲ್ಲಿ ಇಂಧನ ಇರುವಷ್ಟು ಹೊತ್ತೂ ವಿಕಿರಣ ರಕ್ಷಣಾ ಕ್ರಮ ಬಲ್ಲ ಒಬ್ಬರು ಸ್ಥಾವರದಲ್ಲಿ ಇರಲೇಬೇಕು ಎಂಬುದು ಪರವಾನಗಿ ಷರತ್ತುಗಳಲ್ಲಿ ನೆಲೆನಿಂತಿತು. ಕಂಪನಿಗಳು ತಾವೇ ಸೇರಿ ತರಬೇತಿಯ ಗುಣಮಟ್ಟ ನೋಡಲು ಸಂಸ್ಥೆ ಕಟ್ಟಿಕೊಂಡವು. 1993ರಲ್ಲಿ ಬಂದ ನಿಯಮ ವಿಕಿರಣ ರಕ್ಷಣಾ ತಂತ್ರಜ್ಞರ ತರಬೇತಿಯನ್ನೂ ಕಡ್ಡಾಯದ ಪಟ್ಟಿಗೆ ಸೇರಿಸಿತು. ಮಾರ್ಗಸೂಚಿ 1.8 ಮತ್ತೆ 1987, 2000 ಮತ್ತು 2019ರಲ್ಲಿ ಪರಿಷ್ಕೃತವಾಯಿತು.

ಇದರಿಂದ ಏನಾದರೂ ಆಯಿತೇ? 1980ರಲ್ಲಿ ಅಮೆರಿಕದ ಒಂದು ರಿಯಾಕ್ಟರಿಗೆ, ಅಲ್ಲಿ ದುಡಿದವರ ಡೋಸ್ ಎಲ್ಲ ಕೂಡಿಸಿದರೆ, ವರ್ಷಕ್ಕೆ ಸರಾಸರಿ ಸುಮಾರು 790 ಮಾನವ-ರೆಮ್. ಈಚಿನ ವರ್ಷಗಳಲ್ಲಿ ಅದು ನೂರಕ್ಕಿಂತ ಕಡಿಮೆ. ಅಪಘಾತದ ನಂತರದ ಬದಲಾವಣೆ ಕೆಲಸಗಳು ಮುಗಿದದ್ದು, ನೀರಿನ ರಸಾಯನ ಸುಧಾರಿಸಿದ್ದು, ರಿಪೇರಿ ದಿನಗಳು ಕಡಿಮೆಯಾದದ್ದು ಎಲ್ಲವೂ ಇದಕ್ಕೆ ಕಾರಣ. ಇಳಿಕೆಯ ಪೂರ್ತಿ ಶ್ರೇಯ ಒಂದು ಹುದ್ದೆಗೆ ಕೊಡಲಾಗದು. ಆದರೆ ಈ ಪ್ರತಿಯೊಂದು ಸುಧಾರಣೆಯ ಲೆಕ್ಕ ಹಾಕಿ ‘ಹೀಗೆ ಮಾಡಿದರೆ ಇಷ್ಟು ಡೋಸ್ ಉಳಿಯುತ್ತದೆ’ ಎಂದು ಸಭೆಯಲ್ಲಿ ವಾದಿಸಲು ಒಬ್ಬರು ಬೇಕಿತ್ತು. ಆ ವಾದ ನಿಲ್ಲಬೇಕಾದರೆ ಅವರಿಗೆ ವಿದ್ಯೆಯೂ ಬೇಕಿತ್ತು, ಸ್ಥಾನವೂ ಬೇಕಿತ್ತು.

ನಮ್ಮ ಪ್ರಶ್ನೆ

ನಮ್ಮ ದೇಶದಲ್ಲಿ ಈ ಕೆಲಸದ ಕಾನೂನು ಹೆಸರು ವಿಕಿರಣ ಸುರಕ್ಷತಾ ಅಧಿಕಾರಿ. 1962ರ ಅಣುಶಕ್ತಿ ಕಾಯ್ದೆಯ ಕೆಳಗೆ 1971ರಲ್ಲಿ ವಿಕಿರಣ ರಕ್ಷಣಾ ನಿಯಮಗಳು ಬಂದವು, 2004ರಲ್ಲಿ ಹೊಸ ನಿಯಮಗಳು ಅವುಗಳ ಜಾಗಕ್ಕೆ ಬಂದವು. ಮೇಲ್ವಿಚಾರಣೆಗೆ 1983ರಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಹುಟ್ಟಿತು. ಈ ಅಧಿಕಾರಿಯನ್ನು ಮಾಲೀಕ ಸಂಸ್ಥೆ ನೇಮಿಸುತ್ತದೆ. ಆದರೆ ಅವರು ಅರ್ಹರೆಂದು ಸರ್ಕಾರದ ಸಕ್ಷಮ ಪ್ರಾಧಿಕಾರ ಒಪ್ಪಬೇಕು. ನಿಯಮಿತ ವರದಿಯನ್ನು ಅವರು ಪರವಾನಗಿ ಪಡೆದ ಸಂಸ್ಥೆಗೂ ಪ್ರಾಧಿಕಾರಕ್ಕೂ ಕೊಡಬೇಕು. ಕೆಲಸ ಬಿಟ್ಟು ಹೋಗುವಾಗ ಪ್ರಾಧಿಕಾರಕ್ಕೆ ತಿಳಿಸಬೇಕು ಎಂಬುದೂ ಅವರ ಕರ್ತವ್ಯಗಳ ಪಟ್ಟಿಯಲ್ಲಿದೆ. ಸಂಬಳ ಕೊಡುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು. ಅಮೆರಿಕದವರು 1975ರಲ್ಲಿ ಪರಿಹರಿಸಲು ಹೊರಟ ಗಂಟು ಇಲ್ಲಿಯೂ ಇದೆ.

ಕೈಗಾದಲ್ಲಿ ಈಗ 5 ಮತ್ತು 6ನೇ ಘಟಕಗಳು ಏಳುತ್ತಿವೆ, ಒಂದೊಂದೂ 700 ಮೆಗಾವಾಟ್. ಅಣುವಿದ್ಯುತ್ತನ್ನು ಖಾಸಗಿಯವರಿಗೂ ತೆರೆಯುವ ಕಾನೂನು 2025ರಲ್ಲಿ ದೇಶದಲ್ಲಿ ಬಂತು. ಊರಿನ ಹುಡುಗರಿಗೆ ಅಲ್ಲಿ ಸಿಗುವ ಕೆಲಸ ಬಹಳ ಸಲ ಗುತ್ತಿಗೆಯದು. ಷಟ್‌ಡೌನ್ ದಿನಗಳಲ್ಲಿ ಒಳಗೆ ಇಳಿದು ಒರೆಸುವ, ಸಾಗಿಸುವ, ಕಳಚುವ ಕೆಲಸ. ಅವರ ಮತ್ತು ಡೋಸಿನ ನಡುವೆ ನಿಲ್ಲುವುದು ಈ ಒಂದು ಹುದ್ದೆ ಮತ್ತು ಅದರ ಕೈಕೆಳಗಿನ ತಂತ್ರಜ್ಞರು.

ಹಾಗಾಗಿ ಸ್ಥಾವರದ ಬಗ್ಗೆ ಬರೆಯಲು ಹೋದಾಗ ‘ಸುರಕ್ಷಿತವೇ’ ಎಂದು ಕೇಳಿ ‘ಹೌದು’ ಎಂಬ ಉತ್ತರ ಬರೆದುಕೊಂಡು ಬರುವುದಕ್ಕಿಂತ ಬೇರೆ ಪ್ರಶ್ನೆಗಳನ್ನು ಒಯ್ಯುವುದು ಒಳ್ಳೆಯದು. ವಿಕಿರಣ ಸುರಕ್ಷತಾ ಅಧಿಕಾರಿ ಇಂಥದೇ ಸ್ಥಾವರದಲ್ಲಿ ಎಷ್ಟು ವರ್ಷ ದುಡಿದಿದ್ದಾರೆ? ಅವರು ರಜೆಯಲ್ಲಿದ್ದಾಗ ಯಾರು? ರಾತ್ರಿ ಪಾಳಿಯಲ್ಲಿ ಯಾರು? ಕಳೆದ ವರ್ಷ ಅವರು ಎಷ್ಟು ಸಲ ಕೆಲಸ ನಿಲ್ಲಿಸಿದರು, ನಿಲ್ಲಿಸಿದಾಗ ಏನಾಯಿತು? ಗುತ್ತಿಗೆಯವರ ಮೂತ್ರ ಪರೀಕ್ಷೆಯ ಫಲಿತಾಂಶ ಅವರ ಕೈಗೆ ಬರುತ್ತದೆಯೇ?

2009ರಲ್ಲಿ ಕೂಲರಿನ ನೀರು ಕುಡಿದವರಿಗೆ ದೇಹದ ಟ್ರಿಟಿಯಂ ಬೇಗ ಹೊರಹೋಗಲೆಂದು ಚಿಕಿತ್ಸೆ ಕೊಟ್ಟರು. ಹತ್ತು ದಿನಕ್ಕೆ ಸುಮಾರು ಅರ್ಧದಷ್ಟು ತಾನಾಗಿಯೇ ದೇಹದಿಂದ ಹೋಗುತ್ತದೆ, ನೀರು ಹೆಚ್ಚು ಕುಡಿದರೆ ಇನ್ನೂ ಬೇಗ. ಮಾದರಿ ಬಾಟಲಿಗಳನ್ನು ಆ ವಾರ ಯಾರೂ ನೋಡದೆ ಬಿಟ್ಟಿದ್ದರೆ ಅವರು ಅದೇ ಕೂಲರಿನ ನೀರನ್ನು ಮತ್ತೆ ಕುಡಿಯುತ್ತಿದ್ದರು.